ಅಂಕಿತ ಬೀಳದ ಮಸೂದೆ: ರಾಜ್ಯಪಾಲರ ಅಧಿಕಾರ ಎಲ್ಲಿಯವರೆಗೆ?

ಪ್ರಶ್ನೆ: ವಿಧಾನಸಭೆ, ವಿಧಾನ ಪರಿಷತ್ತು ಎರಡೂ ಅಂಗೀಕರಿಸಿದ ಮಸೂದೆಯನ್ನು ರಾಜ್ಯಪಾಲರು ಸಹಿ ಹಾಕದೆ ತಿಂಗಳುಗಟ್ಟಲೆ ಇರಿಸಿಕೊಳ್ಳಬಹುದೇ? ಅಷ್ಟರೊಳಗೆ ಚುನಾವಣೆ ಬಂದರೆ ಆ ಮಸೂದೆಯ ಗತಿ ಏನು?
– ಓದುಗರೊಬ್ಬರು, ಹಾವೇರಿ

ಉತ್ತರ: ಕಾರಣ ಹೇಳದೆ ಅನಿರ್ದಿಷ್ಟ ಕಾಲ ಇರಿಸಿಕೊಳ್ಳುವಂತಿಲ್ಲ. ಆದರೆ ಇಷ್ಟು ದಿನದೊಳಗೆ ಅಂಕಿತ ಹಾಕಲೇಬೇಕೆಂಬ ಗಡುವು ಕೂಡ ಸಂವಿಧಾನದಲ್ಲಿಲ್ಲ. ರಾಜಭವನ ಮತ್ತು ಸರ್ಕಾರಗಳ ನಡುವಿನ ಹೆಚ್ಚಿನ ತಕರಾರುಗಳಿಗೆ ಇದೇ ಮೂಲ.

200ನೇ ವಿಧಿಯ ಪ್ರಕಾರ ರಾಜ್ಯಪಾಲರು ಮಸೂದೆಗೆ ಅಂಕಿತ ಹಾಕಬಹುದು, ತಡೆಹಿಡಿಯಬಹುದು ಅಥವಾ ರಾಷ್ಟ್ರಪತಿಯ ಪರಿಶೀಲನೆಗೆ ಕಾಯ್ದಿರಿಸಬಹುದು. ಧನ ವಿಧೇಯಕವಲ್ಲದಿದ್ದರೆ ಮರುಪರಿಶೀಲನೆ ಕೋರಿ ‘ಸಾಧ್ಯವಾದಷ್ಟು ಬೇಗ’ ಹಿಂದಿರುಗಿಸಬಹುದು. ಶಾಸಕಾಂಗವು ಅದನ್ನು ತಿದ್ದಿಯೋ, ಇದ್ದ ಹಾಗೆಯೋ ಮತ್ತೆ ಅಂಗೀಕರಿಸಿ ಕಳುಹಿಸಿದರೆ ಅಂಕಿತ ನಿರಾಕರಿಸುವಂತಿಲ್ಲ. ತಡೆಹಿಡಿದ ಮಸೂದೆಯನ್ನು ಹಿಂದಿರುಗಿಸದೆ ಸುಮ್ಮನಿರುವುದು ಸಲ್ಲದೆಂದು 2023ರ ನವೆಂಬರ್‌ನಲ್ಲಿ ಪಂಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ತಮಿಳುನಾಡಿನ ಪ್ರಕರಣ ಇನ್ನೂ ಮುಂದೆ ಹೋಯಿತು. ರಾಜ್ಯಪಾಲರು ತಡೆಹಿಡಿದಿದ್ದ ಹತ್ತು ಮಸೂದೆಗಳನ್ನು ಅಲ್ಲಿನ ವಿಧಾನಸಭೆ ವಿಶೇಷ ಅಧಿವೇಶನ ಕರೆದು ಮತ್ತೆ ಅಂಗೀಕರಿಸಿ ಕಳುಹಿಸಿತು. ಅವರು ಅವುಗಳನ್ನು ರಾಷ್ಟ್ರಪತಿಗೆ ಕಾಯ್ದಿರಿಸಿದರು. 2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ಕ್ರಮವನ್ನು ಅಸಿಂಧುಗೊಳಿಸಿ, ಹತ್ತಕ್ಕೂ ಅಂಕಿತ ದೊರೆತಿದೆಯೆಂದೇ ಭಾವಿಸಬೇಕೆಂದು ಘೋಷಿಸಿ, ರಾಜ್ಯಪಾಲರಿಗೆ ಕಾಲಮಿತಿಯನ್ನೂ ಹಾಕಿತು. ಇದರಿಂದ ಎದ್ದ ಪ್ರಶ್ನೆಗಳನ್ನು ರಾಷ್ಟ್ರಪತಿಯವರು 143ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಒಪ್ಪಿಸಿದರು. ನವೆಂಬರ್ 20ರಂದು ಐವರ ಪೀಠ ನೀಡಿದ ಅಭಿಪ್ರಾಯದ ಪ್ರಕಾರ ನ್ಯಾಯಾಲಯ ಕಾಲಮಿತಿ ಹಾಕುವಂತಿಲ್ಲ, ‘ಅಂಕಿತ ದೊರೆತಂತೆ’ ಎಂಬ ಕಲ್ಪನೆಗೆ ಸಂವಿಧಾನದಲ್ಲಿ ಜಾಗವಿಲ್ಲ. ಆದರೆ ಕಾರಣವಿಲ್ಲದೆ ವಿಪರೀತ ವಿಳಂಬವಾದಾಗ, ಮಸೂದೆಯ ಗುಣದೋಷಕ್ಕೆ ಕೈಹಾಕದೆ, ತೀರ್ಮಾನ ಕೈಗೊಳ್ಳಿರೆಂದಷ್ಟೇ ರಾಜ್ಯಪಾಲರಿಗೆ ನಿರ್ದೇಶಿಸಬಹುದು. ಸರ್ಕಾರಕ್ಕೆ ಇಂದು ಉಳಿದಿರುವ ಕಾನೂನಿನ ದಾರಿ ಇದು. ನನ್ನ ದೃಷ್ಟಿಯಲ್ಲಿ ಇದು ತೀರಾ ಇಕ್ಕಟ್ಟಾದ ದಾರಿ. ರಾಷ್ಟ್ರಪತಿ ಹಿಂದಿರುಗಿಸಿದ ಮಸೂದೆಯನ್ನು ಶಾಸಕಾಂಗ ಆರು ತಿಂಗಳೊಳಗೆ ಮರುಪರಿಶೀಲಿಸಬೇಕೆಂದು 201ನೇ ವಿಧಿ ಹೇಳುತ್ತದೆ. ಗಡುವು ಜನಪ್ರತಿನಿಧಿಗಳಿಗೆ ಮಾತ್ರ ಇರುವುದು ಗಮನಿಸತಕ್ಕದ್ದು.

ಚುನಾವಣೆಯ ವಿಷಯದಲ್ಲಿ ತಾವು ಆತಂಕಪಡಬೇಕಾಗಿಲ್ಲ. ಅಂಕಿತಕ್ಕಾಗಿ ಕಾದಿರುವ ಮಸೂದೆ ವಿಧಾನಸಭೆ ವಿಸರ್ಜನೆಯಾದ ಮಾತ್ರಕ್ಕೆ ರದ್ದಾಗುವುದಿಲ್ಲ. ಕೇರಳದ ಭೂಸುಧಾರಣಾ ಮಸೂದೆ ರಾಷ್ಟ್ರಪತಿಯ ಅಂಕಿತಕ್ಕೆ ಕಾದಿದ್ದಾಗಲೇ 1959ರಲ್ಲಿ ಅಲ್ಲಿನ ಸದನ ವಿಸರ್ಜನೆಯಾಗಿತ್ತು. ಆದರೂ ಮಸೂದೆ ಜೀವಂತವಾಗಿಯೇ ಇತ್ತೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು.