ಮಾಲ್ಡೀವ್ಸ್ ಮೇಲೆ ದಮ್ಮಾಮಿಗೆ

ಪಾವಗಡ ತಾಲ್ಲೂಕಿನ ತಾಯಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ಹಿರಿಯ ಮಗ ಸೌದಿಯ ದಮ್ಮಾಮಿನಲ್ಲಿ ಏಸಿ ಮೆಕ್ಯಾನಿಕ್. 2021ರ ಸಂಕ್ರಾಂತಿಗೆ ರಜೆಯ ಮೇಲೆ ಊರಿಗೆ ಬಂದಿದ್ದಾಗ ಕೊರೋನಾ ನಿರ್ಬಂಧ ಬಿದ್ದು ವಾಪಸ್ ಹೋಗಲಾಗಲಿಲ್ಲ. ತಾಯಿ ಓಲೆ, ಸರ ಅಡವಿಟ್ಟು ದುಡ್ಡು ಹೊಂದಿಸಿದರು. ಮಾರ್ಚ್‌ನಲ್ಲಿ ಮಗ ಮಾಲ್ಡೀವ್ಸ್‌ಗೆ ಹೋಗಿ, ಅಲ್ಲಿ ಹದಿನಾಲ್ಕು ದಿನ ಇದ್ದು, ಅಲ್ಲಿಂದ ದಮ್ಮಾಮ್ ಸೇರಿದ. ‘ಕಳ್ಳದಾರೀಲಿ ಹೋದೋನು ಅಂತ ಊರಲ್ಲಿ ಇವತ್ತಿಗೂ ಆಡ್ಕೊತಾರೆ. ಚಿಕ್ಕೋನಿಗೆ ಹೆಣ್ಣು ನೋಡೋಕೆ ಹೋದ ಕಡೇನೂ ಆ ಮಾತು ಬಂತು. ನಾವು ಮಾಡಿದ್ದು ಮೋಸವಾ?’ ಎಂದು ಕೇಳಿದ್ದಾರೆ. ಕಾಗದದ ಕೊನೆಯಲ್ಲಿ ಇನ್ನೊಂದು ವಿಷಯವಿದೆ. ಕಿರಿಯ ಮಗನನ್ನೂ ಕಳಿಸಿಕೊಡುತ್ತೇನೆಂದು ಏಜೆಂಟನೊಬ್ಬ ಮನೆಗೆ ಬಂದಿದ್ದಾನೆ. ಮೊದಲು ದುಬೈಗೆ ವಿಸಿಟ್ ವೀಸಾ, ಆಮೇಲೆ ಅಲ್ಲಿಂದ ಸೌದಿಯಲ್ಲಿ ಕೆಲಸ, ‘ಅಣ್ಣ ಸುತ್ಕೊಂಡು ಹೋಗ್ಲಿಲ್ವಾ, ಹಂಗೇ ಇದೂನು’ ಎಂದನಂತೆ.

ಅಮ್ಮಾ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲ ಪ್ರಶ್ನೆಗೆ ನನ್ನ ಉತ್ತರ, ಅಲ್ಲ, ನೀವು ಮೋಸ ಮಾಡಲಿಲ್ಲ. ಆದರೆ ಆ ಏಜೆಂಟ್ ಹೇಳುವ ‘ಹಂಗೇ ಇದೂನು’ ಸುಳ್ಳು. ಎರಡೂ ಬಳಸುದಾರಿಗಳೇ, ಆದರೂ ಒಂದೇ ಅಲ್ಲ. ಇದನ್ನು ಬಿಡಿಸಿ ಹೇಳಬೇಕೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸೌದಿ ಸರ್ಕಾರ 2021ರ ಫೆಬ್ರವರಿ ಆರಂಭದಲ್ಲಿ ಭಾರತವೂ ಸೇರಿದಂತೆ 20 ದೇಶಗಳಿಂದ ಬರುವವರನ್ನು ತಡೆಯಿತು. ಆ ಆದೇಶದಲ್ಲಿ ಹುಟ್ಟಿದ ದೇಶದ ಲೆಕ್ಕವಿರಲಿಲ್ಲ. ಹಿಂದಿನ 14 ದಿನ ನೀನು ಎಲ್ಲಿದ್ದೆ ಎನ್ನುವುದೇ ಪ್ರಶ್ನೆ. ಆ ರೋಗ ಅಂಟಿದವರಲ್ಲಿ ಲಕ್ಷಣ ಕಾಣಿಸಿಕೊಳ್ಳಲು ಎರಡರಿಂದ ಹದಿನಾಲ್ಕು ದಿನ ಹಿಡಿಯುತ್ತದೆಂದು ವೈದ್ಯರು ಲೆಕ್ಕ ಹಾಕಿದ್ದರು, ಅದಕ್ಕೇ ಹದಿನಾಲ್ಕು. ಪಟ್ಟಿಯಲ್ಲಿಲ್ಲದ ದೇಶದಲ್ಲಿ ಅಷ್ಟು ದಿನ ಕಳೆದು, ಟೆಸ್ಟ್ ಮಾಡಿಸಿಕೊಂಡು, ‘ನಾನು ಭಾರತದವನು, ಇಷ್ಟು ದಿನ ಇಲ್ಲಿದ್ದೆ’ ಎಂದು ಪಾಸ್‌ಪೋರ್ಟಿನ ಮುದ್ರೆ ತೋರಿಸಿದವರಿಗೆ ಸೌದಿಯೇ ಬಾಗಿಲು ತೆಗೆಯಿತು. ನಿಮ್ಮ ಮಗ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಇಳಿದಾಗಲೂ ದಮ್ಮಾಮಿನಲ್ಲಿ ಇಳಿದಾಗಲೂ ತನ್ನ ಹೆಸರು, ಊರು, ದಿನಾಂಕ ಯಾವುದನ್ನೂ ಮುಚ್ಚಿಡಲಿಲ್ಲ. ನಿಯಮ ಕಾಯಲು ಹೇಳಿತ್ತು, ಅವನು ಕಾದ. ಅದನ್ನು ಕಳ್ಳದಾರಿ ಎನ್ನುವವರಿಗೆ ನಿಯಮ ಏನೆಂದೇ ತಿಳಿದಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ಐಪಿಎಲ್ ಅರ್ಧಕ್ಕೆ ನಿಂತಾಗ ಆಸ್ಟ್ರೇಲಿಯಾದ ಆಟಗಾರರು ಏನು ಮಾಡಿದರೆಂದು ನಿಮ್ಮ ಊರಿನ ಹುಡುಗರನ್ನೇ ಕೇಳಿ. ಭಾರತದಲ್ಲಿದ್ದವರು 14 ದಿನದೊಳಗೆ ತಮ್ಮ ದೇಶಕ್ಕೆ ಕಾಲಿಟ್ಟರೆ ಐದು ವರ್ಷದವರೆಗೂ ಜೈಲಾಗಬಹುದೆಂದು ಆಗ ಅಲ್ಲಿನ ಸರ್ಕಾರ ಹೇಳಿತ್ತು. ಅವರೂ ಮಾಲ್ಡೀವ್ಸ್‌ಗೇ ಹೋದರು, ಅಲ್ಲೇ ಕಾದು ಆಮೇಲೆ ಸಿಡ್ನಿ ಸೇರಿದರು. ಅವರನ್ನು ಯಾರೂ ಕಳ್ಳರೆನ್ನಲಿಲ್ಲ. ಏಸಿ ರಿಪೇರಿ ಮಾಡುವ ಹುಡುಗನಿಗೆ ಮಾತ್ರ ಯಾಕೆ ಆ ಹೆಸರು?

ಈ ಮಾತನ್ನು ಪಾವಗಡದವರು ಆಡಿದ್ದು ನನಗೆ ಹೆಚ್ಚು ನೋವು ತಂದಿತು. ಸುತ್ತು ಹಾಕುವುದು ಏನೆಂದು ಪಾವಗಡಕ್ಕಿಂತ ಚೆನ್ನಾಗಿ ಬಲ್ಲ ತಾಲ್ಲೂಕು ನಮ್ಮ ಜಿಲ್ಲೆಯಲ್ಲಿ ಬೇರೆ ಯಾವುದಿದೆ? ತುಮಕೂರು ಜಿಲ್ಲೆಗೇ ಸೇರಿದ್ದರೂ ಮಧುಗಿರಿ ಮೇಲೆ ಬರುವ ರಸ್ತೆ ನಡುವೆ ಆಂಧ್ರದ ಮಡಕಶಿರಾ ಸೀಮೆ ದಾಟಿಯೇ ಬರಬೇಕು. ಉಳಿದ ದಿನಗಳಲ್ಲಿ ಬಸ್ಸಿನ ಕಿಟಕಿಯಿಂದ ತೆಲುಗು ಬೋರ್ಡು ಕಂಡಾಗ ಮಾತ್ರ ಅದು ನೆನಪಾಗುತ್ತಿತ್ತು. 2020ರಲ್ಲಿ ಅದೇ ಗಡಿ ಗೋಡೆಯಾಯಿತು.

ಆ ವರ್ಷ ಜೂನ್‌ನಲ್ಲಿ ಪಾವಗಡದಲ್ಲಿದ್ದ ನನ್ನ ಸೋದರತ್ತೆ ತೀರಿಕೊಂಡರು. ಸುದ್ದಿ ಬಂದದ್ದು ಬೆಳಗಿನ ಜಾವ. ನಾನೂ ತಮ್ಮನೂ ಮಧುಗಿರಿ ದಾಟಿ ಗಡಿಯ ಚೆಕ್‌ಪೋಸ್ಟಿಗೆ ಹೋದರೆ ಬಿಡಲಿಲ್ಲ. ನಮ್ಮ ಜಿಲ್ಲೆಯಿಂದ ನಮ್ಮದೇ ಜಿಲ್ಲೆಗೆ ಹೋಗುತ್ತಿದ್ದೇವೆ, ನಡುವೆ ಇಳಿಯುವುದೂ ಇಲ್ಲ ಎಂದು ಹೇಳಿದೆವು. ಅಲ್ಲಿದ್ದವರು ಒರಟಾಗಿ ಮಾತಾಡಲಿಲ್ಲ, ಆದರೆ ಆದೇಶ ಆದೇಶವೇ. ಪಕ್ಕದ ಹಳ್ಳಿಯವರೊಬ್ಬರು ಹತ್ತಿರ ಬಂದು, ‘ಹಿಂದ್ಗಡೆ ಹೊಲದ ಬಂಡಿ ಜಾಡೈತೆ, ಅಲ್ಲಿ ನುಗ್ಗಿದ್ರೆ ಅರ್ಧ ಗಂಟೇಲಿ ಆಚೆ ಕಡೆ ಇರ್ತೀರಾ’ ಎಂದರು. ತಮ್ಮ ಗಾಡಿ ತಿರುಗಿಸಿಯೇಬಿಟ್ಟಿದ್ದ. ನಾನು ಬೇಡವೆಂದೆ. ಮಧುಗಿರಿಗೆ ವಾಪಸ್ ಬಂದು, ಶಿರಾ, ಹಿರಿಯೂರು, ಚಳ್ಳಕೆರೆ ಸುತ್ತಿ, ಚಿತ್ರದುರ್ಗ ಜಿಲ್ಲೆಯ ಕಡೆಯಿಂದ ಪಾವಗಡ ಸೇರಿದೆವು. ನೇರ ದಾರಿಯ ಎರಡು ಪಟ್ಟಿಗೂ ಹೆಚ್ಚು. ನಾವು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅತ್ತೆಯ ಮುಖ ನೋಡಲಿಲ್ಲವೆಂದು ತಮ್ಮ ಎಷ್ಟೋ ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವನ ಸಿಟ್ಟು ತಪ್ಪೆಂದು ಇಂದಿಗೂ ನಾನು ಹೇಳಲಾರೆ. ಆದರೂ ಮತ್ತೆ ಅಂಥ ದಿನ ಬಂದರೆ ಚಳ್ಳಕೆರೆ ಮೇಲೆಯೇ ಹೋಗುತ್ತೇನೆ, ಬಂಡಿ ಜಾಡು ಹಿಡಿಯುವುದಿಲ್ಲ. ಚಳ್ಳಕೆರೆ ದಾರಿಯಲ್ಲಿ ಯಾರು ತಡೆದು ಕೇಳಿದರೂ ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಎಂದು ಹೇಳಬಲ್ಲೆ. ಬಂಡಿ ಜಾಡಿನಲ್ಲಿ ಹೋಗಬೇಕಾದರೆ ಯಾರೂ ಕೇಳದಿರಲಿ ಎಂದು ಬೇಡಿಕೊಳ್ಳಬೇಕು.

ಒಂದು ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. ನಮ್ಮವರು ಹದಿನಾಲ್ಕು ದಿನ ಕಳೆದ ದೇಶಕ್ಕೂ ರೋಗದ ಭಯವಿತ್ತು. ನಮ್ಮಲ್ಲಿ ಎರಡನೇ ಅಲೆ ಏರಿದಾಗ ಏಪ್ರಿಲ್ ಕೊನೆಯಲ್ಲಿ ನೇಪಾಳ ತನ್ನ ಮೇಲೆ ಹಾದುಹೋಗುವವರನ್ನು ನಿಲ್ಲಿಸಿತು. ಮೇ ತಿಂಗಳಲ್ಲಿ ಮಾಲ್ಡೀವ್ಸ್‌ನಲ್ಲೂ ಸೋಂಕು ಹೆಚ್ಚಿ ನಮ್ಮ ಪ್ರವಾಸಿಗರಿಗೆ ಬಾಗಿಲು ಹಾಕಿತು. ಅವರು ಮಾಡಿದ್ದು ಸರಿ. ಸೌದಿಗೆಂದು ಹೊರಟವರು ಆಗ ಕಾಠ್ಮಂಡುವಿನಲ್ಲಿ ಸಿಕ್ಕಿಕೊಂಡು, ಕೈಯಲ್ಲಿದ್ದ ದುಡ್ಡು ಕರಗಿಸಿಕೊಂಡು ಒದ್ದಾಡಿದರು. ನಿಮ್ಮ ಮಗ ಮಾರ್ಚ್‌ನಲ್ಲೇ ಹೋದದ್ದರಿಂದ ಅದರಿಂದ ಪಾರಾದ. ಕೊನೆಗೆ 2021ರ ಡಿಸೆಂಬರ್ 1ರಿಂದ ಸೌದಿಯೇ ಭಾರತದಿಂದ ನೇರವಾಗಿ ಬರಲು ಬಿಟ್ಟಿತು, ಅಲ್ಲಿ ಇಳಿದ ಮೇಲೆ ಐದು ದಿನ ಕ್ವಾರಂಟೈನ್ ಎಂದಿತು. ಈ ಏರ್ಪಾಡು ಮೊದಲೇ ಆಗಿದ್ದರೆ ನಿಮ್ಮ ಓಲೆ ನಿಮ್ಮ ಕಿವಿಯಲ್ಲೇ ಇರುತ್ತಿತ್ತು, ಮೂರನೆಯವರ ಮನೆಗೆ ಭಯವನ್ನು ಹೊತ್ತು ಹೋಗುವುದೂ ತಪ್ಪುತ್ತಿತ್ತು. ದೂರಬೇಕಾದ್ದು ಆ ತಡವನ್ನು, ನಿಮ್ಮ ಮಗನನ್ನಲ್ಲ. ಅಡವಿಡಲು ಓಲೆಯೂ ಇಲ್ಲದವರಿಗೆ ಸುತ್ತುದಾರಿಯೂ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಮಂಗಳೂರಿನಿಂದ ಊರಿಗೆ ಹೊರಟ ಆಂಧ್ರದ ಮೀನುಗಾರಿಕೆ ಕೂಲಿಗಳು ಮುಳಬಾಗಿಲಿನ ನಂಗಲಿ ಗಡಿಯಲ್ಲಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ ಎಂದು ನಿಂತದ್ದನ್ನು ಕೋಲಾರದ ಕಡೆಯವರು ಮರೆತಿರಲಾರರು.

ಇನ್ನು ಆ ಏಜೆಂಟ್. ಅಮ್ಮಾ, ಇದನ್ನು ನಿಧಾನವಾಗಿ ಓದಿ, ಕಿರಿಯ ಮಗನಿಗೂ ಓದಿ ಹೇಳಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಎಮಿಗ್ರೇಶನ್ ಚೆಕ್ ರಿಕ್ವೈರ್ಡ್’ ಎಂದು ಅಚ್ಚಾಗಿರುತ್ತದೆ, ಇಸಿಆರ್ ಎನ್ನುತ್ತಾರೆ. ಅಂಥವರು ಸೌದಿ, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ನಮ್ಮ ಸರ್ಕಾರದ ಅನುಮತಿ ಪಡೆಯಬೇಕು. 1983ರ ಕಾಯ್ದೆ ಅದು. ಸಂಬಳ ಎಷ್ಟು, ಕೆಲಸ ಕೊಡುವವರು ಯಾರು ಎಂದು ಬರೆದ ಕರಾರು ಆಗಲೇ ಸರ್ಕಾರದ ಕಣ್ಣಿಗೆ ಬೀಳುತ್ತದೆ. ವಿಸಿಟ್ ವೀಸಾದಲ್ಲಿ ದುಬೈಗೆ ಕಳಿಸುವುದು ಈ ಕಣ್ಣು ತಪ್ಪಿಸಲಿಕ್ಕೆ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ‘ನೋಡೋಕೆ ಹೋಗ್ತಿದೀನಿ’ ಎಂದು ಹೇಳು ಎಂದು ನಿಮ್ಮ ಮಗನಿಗೆ ಹೇಳಿಕೊಡುತ್ತಾರೆ. ಏಜೆಂಟನ ದಾರಿ ಶುರುವಾಗುವುದೇ ಆ ಸುಳ್ಳಿನಿಂದ. ನಾಳೆ ಅಲ್ಲಿ ಸಂಬಳ ಕೊಡದಿದ್ದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ, ಅವನು ಕೆಲಸಕ್ಕೆ ಹೋದದ್ದಕ್ಕೆ ಒಂದು ಚೂರು ಕಾಗದವೂ ಇರುವುದಿಲ್ಲ. ಪಂಜಾಬಿನ ಕಡೆ ‘ಡಂಕಿ’ ಎನ್ನುವ ದಾರಿಯೂ ಹೀಗೆಯೇ, ದೇಶದಿಂದ ದೇಶಕ್ಕೆ ದಾಟಿಸಿ ಅಮೆರಿಕದ ಗಡಿಗೆ ತಂದು ಬಿಡುತ್ತಾರೆ. 2025ರ ಫೆಬ್ರವರಿಯಲ್ಲಿ ಅಮೆರಿಕದ ಮಿಲಿಟರಿ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿದ್ದನ್ನು ಟೀವಿಯಲ್ಲಿ ನೋಡಿರುತ್ತೀರಿ. ಹೊಲ, ಮನೆ ಮಾರಿ ಹೋಗಿದ್ದವರೂ ಅವರಲ್ಲಿದ್ದರು.

ಏಜೆಂಟನನ್ನು ಕೇಳಬೇಕಾದ್ದು ಎರಡೇ. ನಿನ್ನ ಲೈಸೆನ್ಸ್ ನಂಬರ್ ಏನು? ಕೊಟ್ಟರೆ, ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನಿಮ್ಮ ಊರಿನ ಹುಡುಗರ ಕೈಲಿ ನೋಡಿಸಿ. ಎರಡನೆಯದು, ಎಷ್ಟು ದುಡ್ಡು? ಲೈಸೆನ್ಸ್ ಇರುವವರು ತಮ್ಮ ಸೇವೆಗೆಂದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅವನು ಕೇಳಿದ್ದು ಎಷ್ಟೆಂದು ನೀವು ಬರೆದಿಲ್ಲ.

ಹಿರಿಯ ಮಗ ಮುಂದಿನ ರಜೆಗೆ ಬಂದಾಗ 2021ರ ಮುದ್ರೆಗಳಿರುವ ಆ ಪಾಸ್‌ಪೋರ್ಟನ್ನು ಬಿಸಾಡದೆ ಮನೆಯಲ್ಲಿ ಇಟ್ಟುಹೋಗಲಿ. ಹೆಣ್ಣಿನ ಕಡೆಯವರು ಮತ್ತೆ ಆ ಮಾತೆತ್ತಿದರೆ ಪುಟ ತೆಗೆದು ಅವರ ಮುಂದಿಡಿ. ಮಾಲೆಯಲ್ಲಿ ಇಳಿದ ದಿನ, ಹೊರಟ ದಿನ, ದಮ್ಮಾಮ್ ಸೇರಿದ ದಿನ ಎಲ್ಲವೂ ಅದರಲ್ಲಿದೆ. ಕಿರಿಯವನ ಪಾಸ್‌ಪೋರ್ಟಿನಲ್ಲಿ ಆ ಇಸಿಆರ್ ಎಂಬ ಅಚ್ಚು ಇದೆಯೋ ಇಲ್ಲವೋ ಇಂದೇ ನೋಡಿ. ಏಜೆಂಟನ ಕೈಗೆ ಒಂದು ರೂಪಾಯಿ ಕೊಡುವ ಮೊದಲು ನನಗೊಂದು ಕಾರ್ಡು ಬರೆಯಿರಿ.