ಓದುಗರ ಪ್ರಶ್ನೆ, ತಜ್ಞರ ಉತ್ತರ: ಕರೆಂಟ್ ಬಂದ ಮೇಲೆ ಲಾಗಿನ್ ಏಕೆ ಆಗುವುದಿಲ್ಲ?

ಪ್ರಶ್ನೆ: ಮಾನ್ಯರೇ, ನಾನು ಹಾಸನದ ಪದವಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್‌ನ ಉಸ್ತುವಾರಿ ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ ಉಬುಂಟು ಲಿನಕ್ಸ್ ಹಾಕಿದ 40 ಕಂಪ್ಯೂಟರ್‌ಗಳಿವೆ. ಅವುಗಳಲ್ಲಿ ಕೆಲವಕ್ಕೆ ವಿಂಡೋಸ್ ಕೂಡ ಇದೆ. ವಿದ್ಯಾರ್ಥಿಗಳು ಯಾವ ಕಂಪ್ಯೂಟರ್ ಮುಂದೆ ಕುಳಿತರೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್‌ನಲ್ಲಿ ಒಳಹೋಗಲೆಂದು ಒಂದು ಸರ್ವರ್‌ನಲ್ಲಿ ಎಲ್‌ಡ್ಯಾಪ್ (ಬಳಕೆದಾರರ ವಿವರಗಳ ಕೋಶ) ಮತ್ತು ಕರ್ಬೆರೋಸ್ (ಪಾಸ್‌ವರ್ಡ್ ಪರಿಶೀಲಿಸುವ ವ್ಯವಸ್ಥೆ) ಅಳವಡಿಸಿ, ಉಳಿದೆಲ್ಲ ಕಂಪ್ಯೂಟರ್‌ಗಳಲ್ಲಿ ಅವೆರಡನ್ನೂ ಸಂಪರ್ಕಿಸುವ ಎಸ್‌ಎಸ್‌ಎಸ್‌ಡಿ ತಂತ್ರಾಂಶ ಹಾಕಿದ್ದೇವೆ. ಸಾಮಾನ್ಯ ದಿನಗಳಲ್ಲಿ ತೊಂದರೆಯಿಲ್ಲ. ಆದರೆ ಕರೆಂಟ್ ಹೋಗಿ ಬಂದ ದಿನ ಏಳೆಂಟು ಕಂಪ್ಯೂಟರ್‌ಗಳಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಆಗುವುದಿಲ್ಲ. ಸರ್ವರ್‌ನ ಗುರುತನ್ನು ಖಚಿತಪಡಿಸುವ ಸರ್ಟಿಫಿಕೇಟ್ ತಪಾಸಣೆಯನ್ನೇ ನಿಲ್ಲಿಸಿ ಎಂದು ಪರಿಚಿತರೊಬ್ಬರು ಹೇಳಿದರು. ಎನ್‌ಐಎಸ್ ಎಂಬ ಹಳೆಯ ಲಾಗಿನ್ ವ್ಯವಸ್ಥೆಯೇ ವಾಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ಎರಡೂ ಸಲಹೆಗಳನ್ನು ದಯವಿಟ್ಟು ಬದಿಗಿಡಿ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು 'ಕರೆಂಟ್ ಹೋಗಿ ಬಂದ ದಿನ' ಮತ್ತು 'ಏಳೆಂಟು ಕಂಪ್ಯೂಟರ್‌ಗಳಲ್ಲಿ' ಎಂಬ ಎರಡು ವಿವರಗಳು. ದೋಷ ಸರ್ವರ್‌ನಲ್ಲಿದ್ದಿದ್ದರೆ 40 ಕಂಪ್ಯೂಟರ್‌ಗಳೂ ನಿಲ್ಲಬೇಕಿತ್ತು. ಸೆಟ್ಟಿಂಗ್‌ನಲ್ಲಿದ್ದಿದ್ದರೆ ಕರೆಂಟ್ ಇರುವ ದಿನವೂ ತೊಂದರೆ ಕೊಡಬೇಕಿತ್ತು. ಆದ್ದರಿಂದ ಆ ಏಳೆಂಟು ಕಂಪ್ಯೂಟರ್‌ಗಳ ಗಡಿಯಾರದ ಮೇಲೆ ನನಗೆ ಅನುಮಾನ. ಆದರೆ ಅನುಮಾನವನ್ನೇ ನಂಬಿ ಕೈಹಾಕುವ ಬದಲು, ಪರೀಕ್ಷೆಯ ಕ್ರಮವೊಂದನ್ನು ರೂಢಿ ಮಾಡಿಕೊಂಡರೆ ಮುಂದೆಯೂ ನಿಮಗೆ ಅನುಕೂಲ.

ಪರದೆಯ ಮೇಲೆ ಲಾಗಿನ್ ಒಂದೇ ಕ್ರಿಯೆಯಂತೆ ಕಂಡರೂ ಒಳಗೆ ನಡೆಯುವುದು ಎರಡು ಬೇರೆ ಬೇರೆ ಕೆಲಸ. ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಚೀಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ನೋಡುವುದು ಒಂದು, ನಿಮ್ಮ ಬೆರಳಚ್ಚು ಪಡೆಯುವುದು ಇನ್ನೊಂದು. ಹಾಗೆಯೇ ಇಲ್ಲಿ ಇಂಥ ಹೆಸರಿನ ಬಳಕೆದಾರ ಇದ್ದಾನೆಯೇ, ಅವನ ಸಂಖ್ಯೆ ಎಷ್ಟು, ಅವನ ಹೋಮ್ ಫೋಲ್ಡರ್ ಎಲ್ಲಿ ಎಂಬುದನ್ನು ಮೊದಲು ಕೇಳಲಾಗುತ್ತದೆ, ಪಾಸ್‌ವರ್ಡ್ ಸರಿಯೇ ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಲಿನಕ್ಸ್‌ನಲ್ಲಿ ಮೊದಲನೆಯದನ್ನು ಎನ್‌ಎಸ್‌ಎಸ್ ಎಂಬ ಭಾಗವೂ ಎರಡನೆಯದನ್ನು ಪ್ಯಾಮ್ ಎಂಬ ಭಾಗವೂ ನೋಡಿಕೊಳ್ಳುತ್ತವೆ. ನಿಮ್ಮ ವ್ಯವಸ್ಥೆಯಲ್ಲಿ ಎನ್‌ಎಸ್‌ಎಸ್ ಕೇಳುವ ಪ್ರಶ್ನೆಗೆ ಎಲ್‌ಡ್ಯಾಪ್‌ನಿಂದಲೂ ಪ್ಯಾಮ್ ಕೇಳುವ ಪ್ರಶ್ನೆಗೆ ಕರ್ಬೆರೋಸ್‌ನಿಂದಲೂ ಉತ್ತರ ತಂದುಕೊಡುವ ಮಧ್ಯವರ್ತಿ ಎಸ್‌ಎಸ್‌ಎಸ್‌ಡಿ. ಎರಡರಲ್ಲಿ ಯಾವುದು ಕೆಟ್ಟರೂ ವಿದ್ಯಾರ್ಥಿಗೆ ಕಾಣುವುದು ಒಂದೇ ರೀತಿಯ ಸಂದೇಶ. ಹೀಗಾಗಿಯೇ ಬಹಳ ಮಂದಿ ಪಾಸ್‌ವರ್ಡನ್ನು ಮತ್ತೆ ಮತ್ತೆ ಬದಲಿಸುತ್ತ ಇಡೀ ಮಧ್ಯಾಹ್ನ ಕಳೆಯುತ್ತಾರೆ.

ತೊಂದರೆ ಇರುವ ಕಂಪ್ಯೂಟರ್‌ಗೆ ಅದರದೇ ಸ್ಥಳೀಯ ಖಾತೆಯಿಂದ ಲಾಗಿನ್ ಆಗಿ, ಟರ್ಮಿನಲ್‌ನಲ್ಲಿ 'ಗೆಟ್‌ಎಂಟ್ ಪಾಸ್‌ಡಬ್ಲ್ಯುಡಿ' ಎಂಬ ಆಜ್ಞೆಯ ಮುಂದೆ ಒಬ್ಬ ವಿದ್ಯಾರ್ಥಿಯ ಲಾಗಿನ್ ಹೆಸರನ್ನು ಕೊಡಿ. ಕೋಲನ್ ಚಿಹ್ನೆಗಳಿಂದ ಬೇರ್ಪಟ್ಟ ಏಳು ಭಾಗಗಳ ಒಂದು ಸಾಲು ಬಂದರೆ ಗುರುತಿನ ಕೆಲಸ ಸರಿಯಿದೆ ಎಂದರ್ಥ. ಹೆಸರು ಕೊಡದೆ ಬರಿಯ ಆಜ್ಞೆಯನ್ನು ಕೊಟ್ಟು, ಪಟ್ಟಿಯಲ್ಲಿ ವಿದ್ಯಾರ್ಥಿಗಳ ಹೆಸರಿಲ್ಲವೆಂದು ಗಾಬರಿಯಾಗಬೇಡಿ. ಸರ್ವರ್‌ನಲ್ಲಿರುವ ಎಲ್ಲರ ಪಟ್ಟಿಯನ್ನು ಎಸ್‌ಎಸ್‌ಎಸ್‌ಡಿ ತಾನಾಗಿ ತರಿಸುವುದಿಲ್ಲ, ಕೇಳಿದ ಒಬ್ಬೊಬ್ಬರ ವಿವರವನ್ನಷ್ಟೇ ತರುತ್ತದೆ. ಒಮ್ಮೆ ತಂದ ವಿವರವನ್ನು ಅದು ಕೆಲಕಾಲ ಇಟ್ಟುಕೊಂಡಿರುತ್ತದೆ, ಬೇರೆ ನಿರ್ದೇಶನವಿಲ್ಲದಿದ್ದರೆ 5400 ಸೆಕೆಂಡ್, ಅಂದರೆ ಒಂದೂವರೆ ಗಂಟೆ. ಹಳೆಯ ಉತ್ತರ ನಿಮ್ಮನ್ನು ದಾರಿ ತಪ್ಪಿಸದಿರಲೆಂದು, ಸರ್ವರ್ ಸಂಪರ್ಕ ಇರುವಾಗ 'ಎಸ್‌ಎಸ್‌ಎಸ್ ಕ್ಯಾಶ್' ಆಜ್ಞೆಯಿಂದ ಅದನ್ನು ಹಳತೆಂದು ಗುರುತು ಮಾಡಿ, ನಂತರ ಪರೀಕ್ಷಿಸಿ.

ಸಾಲು ಬಂದ ಮೇಲೆ ಎರಡನೆಯ ಪರೀಕ್ಷೆ. ಅದೇ ವಿದ್ಯಾರ್ಥಿಯ ಹೆಸರಿನಲ್ಲಿ 'ಕೆಇನಿಟ್' ಆಜ್ಞೆ ಕೊಟ್ಟರೆ ಕರ್ಬೆರೋಸ್ ನೇರವಾಗಿ ಪಾಸ್‌ವರ್ಡ್ ಕೇಳುತ್ತದೆ. ಪ್ಯಾಮ್ ಆಗಲಿ ಎಸ್‌ಎಸ್‌ಎಸ್‌ಡಿ ಆಗಲಿ ನಡುವೆ ಬರುವುದಿಲ್ಲ. ಇಲ್ಲಿ ಟಿಕೆಟ್ (ಪಾಸ್‌ವರ್ಡ್ ಸರಿಯೆಂಬುದಕ್ಕೆ ಕರ್ಬೆರೋಸ್ ಕೊಡುವ ಪುರಾವೆ) ಸಿಕ್ಕಿಯೂ ಲಾಗಿನ್ ಆಗದಿದ್ದರೆ ದೋಷ ಆ ಕಂಪ್ಯೂಟರ್‌ನೊಳಗೇ ಇದೆ. ಟಿಕೆಟ್ಟೇ ಸಿಗದಿದ್ದರೆ ಪಾಸ್‌ವರ್ಡ್, ಸರ್ವರ್‌ನ 88ನೆಯ ಪೋರ್ಟಿಗೆ ಹೋಗುವ ದಾರಿ, ಡಿಎನ್‌ಎಸ್ (ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕುವ ವ್ಯವಸ್ಥೆ), ಗಡಿಯಾರ ಇವಿಷ್ಟನ್ನು ನೋಡಬೇಕು. ಎಸ್‌ಎಸ್‌ಎಸ್‌ಡಿ ದಾಖಲೆಗಳ ಫೋಲ್ಡರ್‌ನಲ್ಲಿ ಕರ್ಬೆರೋಸ್‌ಗೆ ಸಂಬಂಧಿಸಿದ ಲಾಗ್ ಫೈಲ್ ಒಂದಿದೆ. ಅದರಲ್ಲಿ 'ಕ್ಲಾಕ್ ಸ್ಕ್ಯೂ ಟೂ ಗ್ರೇಟ್' (ಗಡಿಯಾರಗಳ ಅಂತರ ಮಿತಿಮೀರಿದೆ) ಎಂಬ ಸಾಲು ಕಂಡರೆ ಹುಡುಕಾಟ ಅಲ್ಲಿಗೇ ಮುಗಿಯಿತು.

ಇನ್ನು ಗಡಿಯಾರದ ವಿಷಯ. ಯಾರೋ ಹಿಂದೆ ಕದ್ದು ಇಟ್ಟುಕೊಂಡ ಸಂದೇಶವನ್ನು ಮತ್ತೆ ಕಳುಹಿಸಿ ಮೋಸ ಮಾಡಬಾರದೆಂದು ಕರ್ಬೆರೋಸ್ ಪ್ರತಿ ಕೋರಿಕೆಯಲ್ಲೂ ಸಮಯವನ್ನು ನಮೂದಿಸುತ್ತದೆ, ಮತ್ತು ಎರಡು ಕಡೆಯ ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ಅಂತರವನ್ನು ಒಪ್ಪುವುದಿಲ್ಲ. ಈಚಿನ ಕರ್ಬೆರೋಸ್ ಲೈಬ್ರರಿಗಳು ಅಂತರವನ್ನು ಲೆಕ್ಕಹಾಕಿ ಸರಿದೂಗಿಸಲು ಯತ್ನಿಸುತ್ತವಾದ್ದರಿಂದ ಒಂದು ಹಂತ ದಾಟಿ ಮುಂದಿನ ಹಂತದಲ್ಲಿ ಸೋಲುವುದೂ ಉಂಟು. ಕೆಇನಿಟ್ ಗೆದ್ದ ಮಾತ್ರಕ್ಕೆ ಗಡಿಯಾರ ಸರಿಯಿದೆ ಎಂದು ತೀರ್ಮಾನಿಸಬೇಡಿ. ಎಲ್‌ಡ್ಯಾಪ್ ಕಡೆಯಲ್ಲೂ ಸಮಯದ ಹಂಗು ಇದ್ದೇ ಇದೆ. ಕಂಪ್ಯೂಟರ್ ತೋರಿಸುವ ದಿನಾಂಕವು ಸರ್ವರ್‌ನ ಸರ್ಟಿಫಿಕೇಟ್ ಜಾರಿಗೆ ಬಂದ ದಿನಕ್ಕಿಂತ ಹಿಂದಿನದಾಗಿದ್ದರೆ ಆ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲವೆಂದು ಟಿಎಲ್‌ಎಸ್ ಎಂಬ ಸುರಕ್ಷಿತ ಸಂಪರ್ಕದ ವ್ಯವಸ್ಥೆಯು ಸಂಪರ್ಕವನ್ನೇ ನಿರಾಕರಿಸುತ್ತದೆ.

ಮದರ್‌ಬೋರ್ಡ್ ಮೇಲೆ ಎಂಟಾಣೆ ಗಾತ್ರದ ಒಂದು ಸೆಲ್ ಇರುತ್ತದೆ; ಬಹುತೇಕ ಕಂಪ್ಯೂಟರ್‌ಗಳಲ್ಲಿ ಸಿಆರ್ 2032 ಎಂಬ 3 ವೋಲ್ಟ್‌ನದು. ಕಂಪ್ಯೂಟರ್‌ಗೆ ವಿದ್ಯುತ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಕೆಲವು ವರ್ಷ ಹಳೆಯ ಕಂಪ್ಯೂಟರ್‌ಗಳಲ್ಲಿ ಅದು ಸತ್ತಿದ್ದರೂ, ಗೋಡೆಯ ಸ್ವಿಚ್ ಆರಿಸದೆ ಇರುವವರೆಗೆ ಪವರ್ ಸಪ್ಲೈಯಿಂದ ಬರುವ ಅಲ್ಪ ವಿದ್ಯುತ್ತಿನಿಂದ ಗಡಿಯಾರ ನಡೆಯುತ್ತಲೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕರೆಂಟ್ ಹೋದ ದಿನ ಮಾತ್ರ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಜಾರುತ್ತದೆ. ನಿಮ್ಮ ಏಳೆಂಟು ಕಂಪ್ಯೂಟರ್‌ಗಳೂ ಒಂದೇ ವರ್ಷ ಖರೀದಿಸಿದವು ಆಗಿದ್ದರೆ ನನಗೆ ಆಶ್ಚರ್ಯವಿಲ್ಲ. ಕರೆಂಟ್ ಬಂದ ಕೂಡಲೇ ಅವುಗಳಲ್ಲೊಂದನ್ನು ಹಚ್ಚಿ, ಲಾಗಿನ್ ಪರದೆಗೆ ಹೋಗುವ ಮೊದಲೇ ಬಯಾಸ್‌ನೊಳಗೆ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆಗೆ) ಹೋಗಿ ದಿನಾಂಕ ನೋಡಿ. ತಪ್ಪಿದ್ದರೆ ಸೆಲ್ ಬದಲಿಸಿ.

ವ್ಯತ್ಯಾಸ ಸರಿಯಾಗಿ 5 ಗಂಟೆ 30 ನಿಮಿಷ ಇದ್ದರೆ ಕಾರಣ ಬೇರೆ. ಯಂತ್ರದ ಗಡಿಯಾರದಲ್ಲಿ ಭಾರತೀಯ ಸಮಯವನ್ನೇ ಇಡುವುದು ವಿಂಡೋಸ್‌ನ ಪದ್ಧತಿ. ಅಲ್ಲಿರುವುದು ಅಂತರರಾಷ್ಟ್ರೀಯ ಸಮಯ ಎಂದು ಲಿನಕ್ಸ್ ಭಾವಿಸುತ್ತದೆ. ಎರಡೂ ಇರುವ ಕಂಪ್ಯೂಟರ್‌ಗಳಲ್ಲಿ, ವಿಂಡೋಸ್ ಬಳಸಿ ಮುಚ್ಚಿದ ನಂತರ ಲಿನಕ್ಸ್ ತೆರೆದರೆ ಈ ಅಂತರ ಬರುತ್ತದೆ. 'ಟೈಮ್‌ಡೇಟ್‌ಸಿಟಿಎಲ್' ಆಜ್ಞೆಯಿಂದ ಲಿನಕ್ಸ್‌ಗೂ ಸ್ಥಳೀಯ ಸಮಯವನ್ನೇ ಓದಲು ಹೇಳಬಹುದು. ಬೇಸಿಗೆ, ಚಳಿಗಾಲಕ್ಕೆ ತಕ್ಕಂತೆ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಇದು ತೊಡಕಿನದು. ನಮ್ಮಲ್ಲಿ ಆ ಪದ್ಧತಿ ಇಲ್ಲದ್ದರಿಂದ ಅಂಥ ತೊಂದರೆ ಆಗದು.

ಸೆಲ್ ಬದಲಿಸಿದರೂ ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ವ್ಯವಸ್ಥೆ ಬೇಕೇ ಬೇಕು. ಕರೆಂಟ್ ಹೋದಾಗ ಬ್ರಾಡ್‌ಬ್ಯಾಂಡ್ ಕೂಡ ಹೋಗುವುದು, ಕರೆಂಟ್ ಬಂದರೂ ಅದು ತಡವಾಗಿ ಬರುವುದು ನಿಮಗೆ ಹೊಸದಲ್ಲ. ಹಾಗಾಗಿ ಲ್ಯಾಬ್‌ನ ಕಂಪ್ಯೂಟರ್‌ಗಳು ಹೊರಗಿನ ಸಮಯ ಸರ್ವರ್‌ಗಳನ್ನು ನೆಚ್ಚಿಕೊಳ್ಳುವ ಬದಲು ನಿಮ್ಮ ಲಾಗಿನ್ ಸರ್ವರನ್ನೇ ಕೇಳುವಂತೆ ಮಾಡಿ. ಸರ್ವರ್‌ನಲ್ಲಿ ಕ್ರೋನಿ ಎಂಬ ಎನ್‌ಟಿಪಿ ತಂತ್ರಾಂಶ ಹಾಕಿ, ಇಂಟರ್ನೆಟ್ ಇಲ್ಲದಾಗಲೂ ತನ್ನ ಸಮಯವನ್ನೇ ಹಂಚಲು 'ಲೋಕಲ್' ಎಂಬ ನಿರ್ದೇಶನವನ್ನೂ ಲ್ಯಾಬ್‌ನ ಐಪಿ ವಿಳಾಸಗಳಿಗೆ 'ಅಲೋ' ಎಂಬ ನಿರ್ದೇಶನವನ್ನೂ ಕೊಟ್ಟು, ಯುಡಿಪಿ 123ನೆಯ ಪೋರ್ಟನ್ನು ಫೈರ್‌ವಾಲ್‌ನಲ್ಲಿ ತೆರೆಯಿರಿ. ಉಳಿದ ಕಂಪ್ಯೂಟರ್‌ಗಳ ಕ್ರೋನಿ ಫೈಲ್‌ನಲ್ಲಿ 'ಮೇಕ್‌ಸ್ಟೆಪ್' ಸಾಲು ಇರಲಿ, ಏಕೆಂದರೆ ಅದಿಲ್ಲದಿದ್ದರೆ ಕ್ರೋನಿ ದೊಡ್ಡ ಅಂತರವನ್ನು ನಿಧಾನವಾಗಿ ಸರಿಪಡಿಸುತ್ತ ಹೋಗುತ್ತದೆ. ಇದ್ದರೆ ಕಂಪ್ಯೂಟರ್ ಹಚ್ಚಿದ ಆರಂಭದಲ್ಲೇ ಒಂದೇ ಜಿಗಿತದಲ್ಲಿ ಸರಿಯಾದ ಸಮಯಕ್ಕೆ ಬರುತ್ತದೆ. ಎಲ್ಲರೂ ಸರ್ವರ್‌ನ ಸಮಯವನ್ನೇ ಅನುಸರಿಸುವುದರಿಂದ ಅದಕ್ಕೊಂದು ಯುಪಿಎಸ್ ಇರಲೇಬೇಕು, ಸರ್ವರ್‌ನ ಮದರ್‌ಬೋರ್ಡ್ ಸೆಲ್ ಸುಸ್ಥಿತಿಯಲ್ಲಿರಬೇಕು.

ಈಗ ಸರ್ಟಿಫಿಕೇಟ್ ವಿಚಾರ. ತಪಾಸಣೆ ನಿಲ್ಲಿಸಿದರೆ ನಿಮ್ಮ ತೊಂದರೆಯ ಒಂದು ಭಾಗ ನಿಜವಾಗಿಯೂ ಮರೆಯಾಗಬಹುದು. ಅಪಾಯ ಇರುವುದೂ ಅಲ್ಲೇ. ಲ್ಯಾಬ್‌ನೊಳಗಿನ ಯಾವುದೇ ಕಂಪ್ಯೂಟರ್ 'ನಾನೇ ಸರ್ವರ್' ಎಂದು ನಟಿಸಿ, ಯಾರು ಯಾವ ಗುಂಪಿಗೆ ಸೇರಿದವರೆಂದು ಸುಳ್ಳು ಉತ್ತರ ಕೊಟ್ಟರೆ ಅದನ್ನು ತಡೆಯುವುದು ಆ ತಪಾಸಣೆ ಮಾತ್ರ. ನೆಟ್‌ವರ್ಕಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರೇ ತುಂಬಿರುವ ಕೋಣೆಯಲ್ಲಿ ಅಂಥ ಬಾಗಿಲನ್ನು ತೆರೆದಿಡಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಎನ್‌ಐಎಸ್ ಅಂತೂ ಬೇಡವೇ ಬೇಡ: ಅದು ಸನ್ ಕಂಪನಿ 1980ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ, ಮಾಹಿತಿಯನ್ನು ಗೂಢಲಿಪಿಯಿಲ್ಲದೆ ಕಳುಹಿಸುತ್ತದೆ, ಮತ್ತು ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ 9ನೆಯ ಆವೃತ್ತಿಯಿಂದ ಅದನ್ನು ತೆಗೆದೇ ಹಾಕಿದೆ.

ನೀವು ಬರೆಯದ, ಆದರೆ ಪರಿಶೀಲಿಸಲೇಬೇಕಾದ ಒಂದು ವಿಷಯವಿದೆ. ಉಬುಂಟು ಹಾಕುವಾಗ ರಚನೆಯಾಗುವ ಮೊದಲ ಸ್ಥಳೀಯ ಖಾತೆಯ ಸಂಖ್ಯೆ 1000. ಸರ್ವರ್‌ನಲ್ಲೂ ನೀವು 1000ದಿಂದಲೇ ಎಣಿಕೆ ಆರಂಭಿಸಿದ್ದರೆ, ಫೈಲ್‌ಗಳ ಒಡೆತನವನ್ನು ಲಿನಕ್ಸ್ ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸುವುದರಿಂದ, ಒಬ್ಬ ವಿದ್ಯಾರ್ಥಿಗೆ ನಿಮ್ಮ ಸ್ಥಳೀಯ ಖಾತೆಯ ಫೈಲ್‌ಗಳೆಲ್ಲ ತನ್ನವೇ ಆಗಿಬಿಡುತ್ತವೆ. ಸರ್ವರ್‌ನ ಖಾತೆಗಳನ್ನು 10000ಕ್ಕಿಂತ ಮೇಲೆ ಇಡಿ.

ಪ್ಯಾಮ್ ಫೈಲ್‌ಗಳನ್ನು ಕೈಯಿಂದ ತಿದ್ದಬೇಡಿ. ಉಬುಂಟುವಿನಲ್ಲಿ ಅದಕ್ಕೆಂದೇ 'ಪ್ಯಾಮ್ ಆಥ್ ಅಪ್‌ಡೇಟ್' ಇದೆ, ಮೊದಲ ಲಾಗಿನ್‌ನಲ್ಲಿ ಹೋಮ್ ಫೋಲ್ಡರ್ ತಾನಾಗಿ ಸೃಷ್ಟಿಯಾಗುವ ಆಯ್ಕೆಯೂ ಅದರಲ್ಲೇ ಸಿಗುತ್ತದೆ. ಏನನ್ನೇ ಬದಲಿಸುವ ಮೊದಲು ಒಂದು ಟರ್ಮಿನಲ್‌ನಲ್ಲಿ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಆಗಿ ಲಾಗಿನ್ ಆಗಿಟ್ಟುಕೊಂಡು, ಇನ್ನೊಂದು ಕನ್ಸೋಲ್‌ನಿಂದ ಲಾಗಿನ್ ಆಗುತ್ತದೆಂದು ಖಚಿತವಾಗುವವರೆಗೆ ಅದನ್ನು ಮುಚ್ಚದಿರಿ. ಪ್ಯಾಮ್‌ನಲ್ಲಿ ಒಂದು ಸಾಲು ತಪ್ಪಿದರೂ ರೂಟ್ ಕೂಡ ಹೊರಗುಳಿಯಬಹುದು.

ಪ್ರಶ್ನೆ: ಚಿಕ್ಕಮಗಳೂರಿನ ನಮ್ಮ ಕಾಫಿ ವ್ಯಾಪಾರದ ಕಚೇರಿಯಲ್ಲಿ ಲಾಗಿನ್ ಸರ್ವರ್ ಇದೆ. ಮೂಡಿಗೆರೆಯ ಶಾಖೆಯಲ್ಲಿರುವ ಮೂರು ಕಂಪ್ಯೂಟರ್‌ಗಳು ಅದನ್ನೇ ಬಳಸುತ್ತವೆ. ಮಳೆಗಾಲದಲ್ಲಿ ಲೈನ್ ಹೋದರೆ ಶಾಖೆಯವರು ಲಾಗಿನ್ ಆಗಲಾರದೆ ಕೂರುತ್ತಾರೆ. ಪರಿಹಾರವಿದೆಯೇ?

ಉತ್ತರ: ಇದೆ. ಎಸ್‌ಎಸ್‌ಎಸ್‌ಡಿ ಫೈಲ್‌ನಲ್ಲಿ ನಿಮ್ಮ ಡೊಮೇನ್ ಭಾಗದ ಕೆಳಗೆ 'ಕ್ಯಾಶ್ ಕ್ರೆಡೆನ್ಶಿಯಲ್ಸ್' ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ, ಆ ಕಂಪ್ಯೂಟರ್‌ನಲ್ಲಿ ಒಮ್ಮೆ ಸಂಪರ್ಕವಿದ್ದಾಗ ಲಾಗಿನ್ ಆದವರು ಸಂಪರ್ಕ ಹೋದಾಗಲೂ ಲಾಗಿನ್ ಆಗಬಹುದು. ಉಳಿಯುವುದು ಪಾಸ್‌ವರ್ಡ್ ಅಲ್ಲ, ಅದರಿಂದ ಹಿಂದಕ್ಕೆ ಲೆಕ್ಕಹಾಕಲಾಗದ ಒಂದು ಹ್ಯಾಶ್ ಮೌಲ್ಯ. ಆದರೂ ಕಂಪ್ಯೂಟರ್ ಕಳವಾದರೆ ಅದನ್ನು ಒಡೆಯಲು ಯತ್ನಿಸುವವರಿರುತ್ತಾರಾದ್ದರಿಂದ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಡುವುದು ಒಳ್ಳೆಯದು. ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲಿ, ಶಾಖೆಯ ಪ್ರತಿಯೊಬ್ಬರೂ ಮೂರೂ ಕಂಪ್ಯೂಟರ್‌ಗಳಲ್ಲಿ ಒಮ್ಮೊಮ್ಮೆ ಲಾಗಿನ್ ಆಗಿರುವಂತೆ ನೋಡಿಕೊಳ್ಳಿ.

ಈ ಅನುಕೂಲಕ್ಕೆ ಒಂದು ಬೆಲೆ ಇದೆ. ಕೆಲಸ ಬಿಟ್ಟವರ ಖಾತೆಯನ್ನು ನೀವು ಚಿಕ್ಕಮಗಳೂರಿನಲ್ಲಿ ಮುಚ್ಚಿದರೂ, ಲೈನ್ ಇಲ್ಲದ ಮೂಡಿಗೆರೆಯ ಕಂಪ್ಯೂಟರ್‌ಗೆ ಅದು ತಿಳಿಯುವುದಿಲ್ಲ. ಬದಲಾದ ಪಾಸ್‌ವರ್ಡ್ ಕೂಡ ತಿಳಿಯುವುದಿಲ್ಲ, ಹಳೆಯದೇ ನಡೆಯುತ್ತದೆ. ಬೇರೆ ನಿರ್ದೇಶನವಿಲ್ಲದಿದ್ದರೆ ಇದಕ್ಕೆ ಕಾಲಮಿತಿಯೇ ಇಲ್ಲ. ಪ್ಯಾಮ್ ಭಾಗದಲ್ಲಿರುವ 'ಆಫ್‌ಲೈನ್ ಕ್ರೆಡೆನ್ಶಿಯಲ್ಸ್ ಎಕ್ಸ್‌ಪಿರೇಶನ್' ಆಯ್ಕೆಗೆ ದಿನಗಳ ಲೆಕ್ಕದಲ್ಲಿ ಮಿತಿ ಕೊಡಿ. ಮಲೆನಾಡಿನ ಮಳೆಯನ್ನು ಗಮನದಲ್ಲಿಟ್ಟುಕೊಂಡು ನಾನು 7 ದಿನ ಎನ್ನುತ್ತೇನೆ. ಶಾಖೆಯವರ ಹೋಮ್ ಫೋಲ್ಡರ್‌ಗಳು ನಿಮ್ಮ ಸರ್ವರ್‌ನಲ್ಲಿದ್ದರೆ ಅವನ್ನು ಆಯಾ ಕಂಪ್ಯೂಟರ್‌ಗೆ ವರ್ಗಾಯಿಸಿ, ಇಲ್ಲದಿದ್ದರೆ ಪಾಸ್‌ವರ್ಡ್ ಒಪ್ಪಿಗೆಯಾದ ಮೇಲೂ ಪರದೆ ಹಾಗೆಯೇ ನಿಂತುಬಿಡುತ್ತದೆ. ಶಾಖೆಯಲ್ಲಿ ಮುಂದೆ ಇಪ್ಪತ್ತು, ಮೂವತ್ತು ಕಂಪ್ಯೂಟರ್‌ಗಳಾದರೆ ಆಗ ಅಲ್ಲಿಯೇ ಸರ್ವರ್‌ನ ಪ್ರತಿರೂಪವೊಂದನ್ನು ಇಡುವ ಯೋಚನೆ ಮಾಡಬಹುದು. ಮೂರಕ್ಕೆ ಅದು ಬೇಕಿಲ್ಲ.

ಪ್ರಶ್ನೆ: ಅರಸೀಕೆರೆಯ ನಮ್ಮ ಶಾಲೆಯಲ್ಲಿ ಈಗಾಗಲೇ ವಿಂಡೋಸ್‌ನ ಲಾಗಿನ್ ವ್ಯವಸ್ಥೆಯಾದ ಆ್ಯಕ್ಟಿವ್ ಡೈರೆಕ್ಟರಿ ಇದೆ. ಹೊಸ ಲಿನಕ್ಸ್ ಕಂಪ್ಯೂಟರ್‌ಗಳಿಗಾಗಿ ಬೇರೆ ಲಾಗಿನ್ ಸರ್ವರ್ ಬೇಕೇ?

ಉತ್ತರ: ಬೇಡ. ಆ್ಯಕ್ಟಿವ್ ಡೈರೆಕ್ಟರಿಯ ಒಳಗೆ ಇರುವುದೂ ಎಲ್‌ಡ್ಯಾಪ್ ಮತ್ತು ಕರ್ಬೆರೋಸ್‌ಗಳೇ. ಲಿನಕ್ಸ್‌ನಲ್ಲಿ 'ರೆಲ್ಮ್‌ಡಿ' ಎಂಬ ಸಾಧನ ಹಾಕಿ, ಡಿಎನ್‌ಎಸ್ ವಿಳಾಸವನ್ನು ನಿಮ್ಮ ವಿಂಡೋಸ್ ಸರ್ವರ್‌ಗೇ ತಿರುಗಿಸಿ, 'ರೆಲ್ಮ್ ಡಿಸ್ಕವರ್' ಆಜ್ಞೆಗೆ ಡೊಮೇನ್ ಸಿಗುತ್ತದೆಯೇ ನೋಡಿ. ಸಿಕ್ಕರೆ 'ರೆಲ್ಮ್ ಜಾಯಿನ್' ಕೊಟ್ಟರಾಯಿತು, ಎಸ್‌ಎಸ್‌ಎಸ್‌ಡಿಯ ಸೆಟ್ಟಿಂಗ್‌ಗಳನ್ನು ಅದೇ ಬರೆದುಕೊಳ್ಳುತ್ತದೆ. ನಿಮ್ಮ ಡೊಮೇನ್ ಹೆಸರು 'ಡಾಟ್ ಲೋಕಲ್' ಎಂದು ಮುಗಿಯುತ್ತಿದ್ದರೆ, ಆ ಕೊನೆಯ ಪದವನ್ನು ಉಬುಂಟು ಬೇರೊಂದು ಹೆಸರು ಹುಡುಕುವ ವ್ಯವಸ್ಥೆಗೆ ಮೀಸಲಿಟ್ಟಿರುವುದರಿಂದ ಹುಡುಕಾಟ ವಿಫಲವಾಗಬಹುದು; ಆಗ ಎನ್‌ಎಸ್‌ಎಸ್ ಫೈಲ್‌ನ 'ಹೋಸ್ಟ್ಸ್' ಸಾಲಿನಲ್ಲಿ ಡಿಎನ್‌ಎಸ್ ಮೊದಲು ಬರುವಂತೆ ಮಾಡಿ. ಡೊಮೇನ್‌ನಲ್ಲಿರುವ ಎಲ್ಲರೂ ಎಲ್ಲ ಕಂಪ್ಯೂಟರ್‌ಗೂ ಲಾಗಿನ್ ಆಗುವುದು ನಿಮಗೆ ಬೇಡವಾಗಿದ್ದರೆ 'ರೆಲ್ಮ್ ಪರ್ಮಿಟ್' ಆಜ್ಞೆಯಲ್ಲಿ ಗುಂಪಿನ ಹೆಸರು ಕೊಟ್ಟು, ಶಿಕ್ಷಕರ ಕೊಠಡಿಯ ಕಂಪ್ಯೂಟರ್‌ಗಳನ್ನು ಶಿಕ್ಷಕರ ಗುಂಪಿಗಷ್ಟೇ ತೆರೆದಿಡಬಹುದು.