ಅಮೆರಿಕದಿಂದ ಬಂದು ಭಾರತದಲ್ಲಿ ಮಗುವನ್ನು ದತ್ತು ಪಡೆಯಲು ಮೂರು ವಾರದ ರಜೆ ಸಾಕೇ?

ನೀವಿಬ್ಬರೂ ಕನ್ನಡಿಗರು, ಈಗ ಅಮೆರಿಕದ ಪೌರರು, ರಜೆಯಲ್ಲಿ ಬಂದು ಮಗುವಿನೊಂದಿಗೆ ಮರಳುವ ಆಸೆ ಎಂದು ಬರೆದಿದ್ದೀರಿ. ಮೂರು ವಾರ ಸಾಲಬಹುದು, ಆದರೆ ಅದು ಕೊನೆಯ ಪ್ರಯಾಣಕ್ಕೆ ಮಾತ್ರ. ನಿಜವಾದ ಕೆಲಸವೆಲ್ಲ ಅದಕ್ಕೂ ಮೊದಲು ನೀವಿರುವ ಊರಿನಲ್ಲೇ ನಡೆಯುತ್ತದೆ.

ಭಾರತ, ಅಮೆರಿಕ ಎರಡೂ ದೇಶದಿಂದ ದೇಶಕ್ಕೆ ದತ್ತು ನೀಡುವುದರ ಕುರಿತ 1993ರ ಹೇಗ್ ಒಪ್ಪಂದಕ್ಕೆ ಬದ್ಧ. ಹಾಗಾಗಿ ಅಲ್ಲಿನ ಮಾನ್ಯತೆ ಪಡೆದ ಸಂಸ್ಥೆ ನಿಮ್ಮ ಮನೆಗೆ ಬಂದು ಅಧ್ಯಯನ ವರದಿ ಬರೆಯಬೇಕು. ಆ ಸಂಸ್ಥೆಯ ಮೂಲಕವೇ ದೆಹಲಿಯ ಕಾರಾದಲ್ಲಿ, ಅಂದರೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರದಲ್ಲಿ, ನೋಂದಣಿ. ಮಗು ಗೊತ್ತಾದ ಮೇಲೆ ಅದನ್ನು ಕರೆದೊಯ್ಯಲು ಅಮೆರಿಕ ಸರ್ಕಾರಕ್ಕೆ ಸಲ್ಲಿಸುವ ಐ-800 ಅರ್ಜಿಗೆ ತಾತ್ಕಾಲಿಕ ಒಪ್ಪಿಗೆ, ಕಾರಾದ ನಿರಾಕ್ಷೇಪಣಾ ಪತ್ರ, ಆಮೇಲೆ ಜಿಲ್ಲಾಧಿಕಾರಿಯ ದತ್ತು ಆದೇಶ. ಈ ಕ್ರಮ ತಪ್ಪಿದರೆ ವೀಸಾ ಸಿಕ್ಕುವುದೇ ಕಷ್ಟ. 2022ರ ಸೆಪ್ಟೆಂಬರ್‌ವರೆಗೆ ಆದೇಶವನ್ನು ನ್ಯಾಯಾಲಯ ಕೊಡುತ್ತಿತ್ತು. ಹಳೆಯ ಮಾಹಿತಿ ನಂಬಬೇಡಿ. ಪರಿಚಯದ ಆಸ್ಪತ್ರೆಯಿಂದ ನೇರವಾಗಿ ಮಗು ಕೊಡಿಸುತ್ತೇವೆ ಎನ್ನುವವರ ಹತ್ತಿರ ಸುಳಿಯಲೇಬೇಡಿ, ಅದು ಜೈಲು ಶಿಕ್ಷೆಯ ಅಪರಾಧ.

ಇಲ್ಲಿಗೆ ಬಂದಾಗ ಪಾಸ್‌ಪೋರ್ಟ್, ವೈದ್ಯಕೀಯ ತಪಾಸಣೆ, ವೀಸಾ ಎಂದು ಓಡಾಟವಿರುತ್ತದೆ. ಅದರ ನಡುವೆಯೂ ಮಗುವಿನ ಬಳಿ ಕೂರಿ, ದಯವಿಟ್ಟು. ರಾಗಿ ಸರಿ ಎಷ್ಟು ತೆಳ್ಳಗಿದ್ದರೆ ನುಂಗುತ್ತದೆ, ಯಾವ ಹಾಡಿಗೆ ಕಣ್ಣು ಮುಚ್ಚುತ್ತದೆ ಎಂದು ಆಯಾಳನ್ನು ಕೇಳಿ ಬರೆದುಕೊಳ್ಳಿ. ಅದು ಹೊದ್ದು ಮಲಗಿದ ಬಟ್ಟೆಯೊಂದನ್ನು ಒಗೆಯದೆ ಹಾಗೆಯೇ ಕೇಳಿ ತನ್ನಿ. ವಿಮಾನದಲ್ಲಿ ಅಳು ನಿಲ್ಲದಿದ್ದಾಗ ಅದಕ್ಕೆ ಪರಿಚಿತವಾಗಿರುವುದು ಆ ವಾಸನೆಯೊಂದೇ.